ಮಾಲ್ಪಾಸ್ ಗುಡ್ಡದ ಮೂರು ಸುರಂಗಗಳು

ದಕ್ಷಿಣ ಫ್ರಾನ್ಸಿನ ಬೆಜಿಯೆ ಪಟ್ಟಣ ಇನ್ನೂ ಹತ್ತು ಕಿಲೋಮೀಟರಿನಷ್ಟು ದೂರವಿರುವಾಗ ಕನಾಲ್ ದು ಮಿದಿ ಎಂಬ ನಾಲೆ ಒಂದು ಸಣ್ಣ ಗುಡ್ಡದೊಳಗೆ ನುಗ್ಗಿ, ಸುಮಾರು 165 ಮೀಟರ್ ಕತ್ತಲಲ್ಲಿ ಸಾಗಿ, ಆಚೆಯ ಬಿಸಿಲಿಗೆ ಬರುತ್ತದೆ. ಗುಡ್ಡದ ಹೆಸರು ಮಾಲ್ಪಾಸ್. ಕೆಟ್ಟ ಹಾದಿ ಎಂದು ಅರ್ಥವಂತೆ. ಅಲ್ಲಿ ಒಂದು ಗಂಟೆ ನಿಂತು, ಸುರಂಗ ನೋಡಿ, ಸಂಜೆಯ ಹೊತ್ತಿಗೆ ಬೆಜಿಯೆ ಸೇರುವುದೆಂದು ಹೊರಟಿದ್ದ ನಾವು ಒಂದೂವರೆ ದಿನ ಆ ಗುಡ್ಡವನ್ನು ಬಿಟ್ಟು ಕದಲಲಿಲ್ಲ.

ನಾನು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಹುಟ್ಟಿ ಬೆಳೆದವಳು. ನನ್ನ ಅಜ್ಜ ಊರ ಕೆರೆಯ ನೀರುಗಂಟಿಯಾಗಿದ್ದರು. ನೀರನ್ನು ತಡೆದು ನಿಲ್ಲಿಸುವುದು, ತೂಬು ಎತ್ತಿ ಗದ್ದೆಗೆ ಬಿಡುವುದು, ಸರದಿ ತಪ್ಪಿದರೆ ಜಗಳ ಬಿಡಿಸುವುದು, ಇವೇ ನಮ್ಮ ಮನೆಯ ಮಾತುಗಳಾಗಿದ್ದವು. ಹೀಗಾಗಿ ತುಲೂಜ್ ನಗರದಲ್ಲಿ ಕೆಲಸ ಮಾಡುವ ತಂಗಿಯ ಮಗಳು, "ದೊಡ್ಡಮ್ಮ, ಈ ಸಲ ಪ್ಯಾರಿಸ್ ಬೇಡ, ಸೈಕಲ್ ತಗೊಂಡು ನಾಲೆ ಏರಿ ಮೇಲೆ ಹೋಗೋಣ" ಎಂದಾಗ ನಾನು ಎರಡು ಮಾತಿಲ್ಲದೆ ಒಪ್ಪಿದೆ. ಮೇ ತಿಂಗಳ ಮೊದಲ ವಾರ, ತುಲೂಜಿನಿಂದ ಬೆಜಿಯೆವರೆಗೆ ಸುಮಾರು 200 ಕಿಲೋಮೀಟರ್ ದಾರಿ, ಐದು ದಿನಗಳ ಲೆಕ್ಕ.

ಮೊದಲ ಐವತ್ತು ಕಿಲೋಮೀಟರ್ ಹೆಚ್ಚುಕಡಿಮೆ ನುಣುಪಾದ ಟಾರು ದಾರಿ. ಆ ದಾರಿ ಮುಗಿಯುವಲ್ಲಿ ನೊರೂಜ್ ಎಂಬ ದಿಣ್ಣೆ ಇದೆ. ಸಮುದ್ರಮಟ್ಟದಿಂದ 189 ಮೀಟರ್ ಎತ್ತರದ ಈ ಜಾಗವೇ ಇಡೀ ನಾಲೆಯ ನೆತ್ತಿ. ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆ ಹಿಡಿದಿದ್ದ ಪಿಯರ್-ಪಾಲ್ ರಿಕೆ ಎಂಬಾತ ಉತ್ತರದ ಕಪ್ಪು ಬೆಟ್ಟಗಳ ತೊರೆಗಳನ್ನು ಒಟ್ಟುಗೂಡಿಸಿ, ಸಾಂ-ಫೆರಿಯೋಲ್ ಬಳಿ ಏರಿ ಕಟ್ಟಿ ನೀರು ನಿಲ್ಲಿಸಿ, ಅಲ್ಲಿಂದ ಕಿರುಗಾಲುವೆಯಲ್ಲಿ ಈ ನೆತ್ತಿಗೆ ತಂದು ಸುರಿಸಿದ. ಇಲ್ಲಿಂದ ನೀರು ಒಂದು ಕಡೆ ಅಟ್ಲಾಂಟಿಕ್‌ನತ್ತ, ಇನ್ನೊಂದು ಕಡೆ ಮೆಡಿಟರೇನಿಯನ್‌ನತ್ತ ಇಳಿಯುತ್ತದೆ. ಹದಿನಾಲ್ಕನೆಯ ಲೂಯಿ ದೊರೆ 1666ರಲ್ಲಿ ಅಪ್ಪಣೆ ಕೊಟ್ಟ ಕೆಲಸ ಮುಗಿದು ನಾಲೆಯಲ್ಲಿ ದೋಣಿ ಹೊರಟದ್ದು 1681ರ ಮೇ ತಿಂಗಳಲ್ಲಿ. ರಿಕೆ ಅದಕ್ಕೆ ಏಳು ತಿಂಗಳು ಮೊದಲು, 1680ರ ಅಕ್ಟೋಬರಿನಲ್ಲಿ, ಮನೆಯವರ ತಲೆಯ ಮೇಲೆ ದೊಡ್ಡ ಸಾಲ ಬಿಟ್ಟು ತೀರಿಕೊಂಡಿದ್ದ. ಆತ ತನ್ನ ಕೂಲಿಯಾಳುಗಳಿಗೆ ಮಳೆ ಬಂದು ಕೆಲಸ ನಿಂತ ದಿನಕ್ಕೂ ಹಬ್ಬದ ದಿನಕ್ಕೂ ಸಂಬಳ ಕೊಡುತ್ತಿದ್ದನೆಂಬುದು, ಆ ಕೂಲಿಗಳಲ್ಲಿ ಮಣ್ಣು ಹೊರುವ ಹೆಂಗಸರೂ ಬಹಳ ಮಂದಿ ಇದ್ದರೆಂಬುದು, ನಾಲೆಯ ಉದ್ದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿತು.

ಎರಡನೆಯ ಮತ್ತು ಮೂರನೆಯ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಾಸ್ತೆಲ್ನೊದಾರಿಯಲ್ಲಿ ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜದ ಕಸೂಲೆ ಉಂಡೆವು. ಅಷ್ಟು ಹದವಾಗಿ ಬೆಂದ ಕಾಳನ್ನು ನಾನು ನಮ್ಮ ಅವರೆಕಾಳಿನ ಸಾರಿನಲ್ಲಿ ಮಾತ್ರ ಕಂಡಿದ್ದೇನೆ. ಕಾರ್ಕಸೊನ್ ಕೋಟೆ ನನಗೆ ಹಿಡಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜೀರ್ಣೋದ್ಧಾರವಾದ ಗೋಡೆಗಳು ದೂರದಿಂದ ಭವ್ಯವಾಗಿಯೇ ಕಾಣುತ್ತವೆ, ಆದರೆ ಒಳಗಿನ ಓಣಿಗಳಲ್ಲಿ ಪ್ಲಾಸ್ಟಿಕ್ ಕತ್ತಿ ಮಾರುವ ಅಂಗಡಿಗಳ ನಡುವೆ ನಿಂತು ಒಂದು ಕಲ್ಲನ್ನು ಸಮಾಧಾನವಾಗಿ ನೋಡುವುದಕ್ಕೂ ಜಾಗವಿರಲಿಲ್ಲ.

ಸೈಕಲ್ಲಿನ ಸಂಗತಿಯನ್ನು ಮಾತ್ರ ಹೇಳಲೇಬೇಕು. ನೊರೂಜ್ ದಾಟಿದ ಮೇಲೆ ಟಾರು ಮುಗಿದು, ಬಹುದೂರ ದೋಣಿ ಎಳೆಯುವ ಕುದುರೆಗಳಿಗೆಂದು ಮಾಡಿದ್ದ ಹಳೆಯ ಮಣ್ಣಿನ ಏರಿಯೇ ದಾರಿಯಾಗುತ್ತದೆ. ತ್ರೆಬ್ ಊರಿನ ಆಚೆಗಂತೂ ಮರದ ಬೇರುಗಳು ದಾರಿಗೆ ಅಡ್ಡಲಾಗಿ ಗಂಟುಗಟ್ಟಿಕೊಂಡಿವೆ. ನಾವು ಹೋಗುವ ದಾರಿಯನ್ನು ಪೂರ್ತಿ ವಿವರಿಸಿದ ಮೇಲೂ ಬಾಡಿಗೆ ಅಂಗಡಿಯವರು ನಮಗೆ ಪಟ್ಟಣದ ರಸ್ತೆಯ ತೆಳು ಟಯರಿನ ಸೈಕಲ್ಲುಗಳನ್ನೇ, "ಏನೂ ತೊಂದರೆಯಿಲ್ಲ" ಎಂದು ಭರವಸೆ ಕೊಟ್ಟು ಕಳಿಸಿದ್ದರು. ಒಂದೇ ಮಧ್ಯಾಹ್ನದಲ್ಲಿ ಮೂರು ಪಂಕ್ಚರ್ ಆದವು. ಅಂದು ಸೋಮವಾರ; ಸಿಕ್ಕ ಒಂದೇ ರಿಪೇರಿ ಅಂಗಡಿಗೂ ಬೀಗ. ಏಳು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆದ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಆದ್ದರಿಂದ ಹೋಗುವವರಿಗೆ ಹೇಳುತ್ತೇನೆ: ದಪ್ಪ ಟಯರಿನ ಸೈಕಲ್ಲನ್ನೇ ಹಟ ಹಿಡಿದು ಕೇಳಿ, ತಲೆಗೆರಡು ಟ್ಯೂಬು ಮತ್ತು ಪಂಪು ಜೊತೆಯಲ್ಲಿರಲಿ, ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆಯವರೆಗೆ ಅಂಗಡಿ ತೆರೆದಿರುತ್ತದೆಂದು ನಂಬಬೇಡಿ. ಕಾರ್ಕಸೊನ್‌ನ ಆಚೆ ಪಶ್ಚಿಮದಿಂದ ಬೀಸುವ ಸೆರ್ಸ್ ಎಂಬ ಬಿರುಗಾಳಿ ತುಲೂಜ್ ಕಡೆಯಿಂದ ಬರುವವರಿಗೆ ಬೆನ್ನಿಗಿರುತ್ತದೆ. ಎದುರಿನಿಂದ ಬರುತ್ತಿದ್ದವರ ಮುಖಗಳನ್ನು ನೋಡಿದ ಮೇಲೆ, ನಮ್ಮ ದಿಕ್ಕೇ ಸರಿಯೆಂದು ನನಗೆ ಖಾತ್ರಿಯಾಯಿತು.

ಅದೇ ದಾರಿಯಲ್ಲಿ ಮರಗಳಿಲ್ಲದ ಉದ್ದುದ್ದ ಏರಿಗಳೂ ಸಿಕ್ಕವು. ಎರಡೂ ದಡದ ಪ್ಲೇನ್ ಮರಗಳ ನೆರಳಿಗೆ ಹೆಸರಾದ ನಾಲೆ ಇದು. ಸುಮಾರು 42,000 ಮರಗಳಿದ್ದವಂತೆ. 2006ರಲ್ಲಿ ಇಲ್ಲಿ ಕಾಣಿಸಿಕೊಂಡ ಒಂದು ಶಿಲೀಂಧ್ರ ರೋಗಕ್ಕೆ ಮದ್ದಿಲ್ಲದ ಕಾರಣ, ಸೋಂಕು ತಗುಲಿದ ಮರವನ್ನೂ ಅದರ ಅಕ್ಕಪಕ್ಕದವನ್ನೂ ಕಡಿದು ಸುಡುವುದೊಂದೇ ದಾರಿಯಾಗಿದೆ. ಕಡಿದ ಕಡೆಯಲ್ಲೆಲ್ಲ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಟ್ಟಿದ್ದಾರೆ, ನೆರಳು ಬರುವುದಕ್ಕೆ ಇನ್ನೊಂದು ತಲೆಮಾರು ಬೇಕು.

ನಾಲ್ಕನೆಯ ದಿನ ಆರ್ಜಾನ್ಸ್ ಎಂಬಲ್ಲಿ ಒಂದು ಲಾಕ್ ದಾಟಿದೆವು. ದೋಣಿಗಳನ್ನು ಮೆಟ್ಟಿಲೇರಿಸಿದಂತೆ ಏರಿಸಿ ಇಳಿಸುವ ಈ ಬಾಗಿಲ ತೊಟ್ಟಿಗಳು ಅಲ್ಲಿಂದ ಮುಂದೆ ಬೆಜಿಯೆವರೆಗೆ, ಸುಮಾರು 54 ಕಿಲೋಮೀಟರ್, ಒಂದೂ ಇಲ್ಲ. ಗುಡ್ಡ ಬಂದರೆ ಸುತ್ತಿ, ಕಣಿವೆ ಬಂದರೆ ಬಳಸಿ, ಬೆಟ್ಟದ ಮಗ್ಗುಲಲ್ಲಿ ನೀರಿನ ಮಟ್ಟ ತಪ್ಪದಂತೆ ನಾಲೆಯನ್ನು ತಂದಿದ್ದಾರೆ. ಹಾಗೆ ಬಳಸಿ ಬಂದ ನಾಲೆಗೆ ಬಳಸಲಾಗದೆ ಎದುರಾದ ಗುಡ್ಡವೇ ಮಾಲ್ಪಾಸ್. ಮೆದು ಕಲ್ಲು ಕುಸಿಯುತ್ತದೆಂದು ಹೆದರಿ ಸರ್ಕಾರದವರು ಕೆಲಸ ನಿಲ್ಲಿಸಿದಾಗ, ರಿಕೆ ಸದ್ದಿಲ್ಲದೆ ಆಳುಗಳನ್ನು ಇಳಿಸಿ ಎಂಟು ದಿನದೊಳಗೆ ಸುರಂಗವನ್ನು ಆರಪಾರು ಮಾಡಿಸಿದನೆಂದು ಅಲ್ಲಿಯ ಜನ ಹೇಳುತ್ತಾರೆ. ಅದು 1679ರಲ್ಲಿ. ದೋಣಿ ಸಾಗುವ ನಾಲೆಗಾಗಿ ಕೊರೆದ ಮೊದಲ ಸುರಂಗವೆಂದು ಅದಕ್ಕೆ ಹೆಸರು. ಒಳಗೆ ಕಾಲುದಾರಿಯಲ್ಲಿ ನಡೆಯುವಾಗ ಕಲ್ಲಿನ ತಂಪು ಮೈಗೆ ತಾಗುತ್ತಿತ್ತು. ಆಗ ಕಾಲಡಿಯಿಂದ ಗುಡುಗಿನಂಥ ಸದ್ದು ಬಂತು. ನಾನು ಬೆದರಿ ಗೋಡೆ ಹಿಡಿದುಕೊಂಡೆ.

"ರೈಲು ದೊಡ್ಡಮ್ಮ, ನಮ್ಮ ಕೆಳಗೇ ಹೋಗ್ತಾ ಇದೆ" ಎಂದಳು ಹುಡುಗಿ.

ನಾಲೆಯ ಕೆಳಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೊರೆದ ರೈಲು ಸುರಂಗ. ಅದಕ್ಕೂ ಕೆಳಗೆ, ಈ ಎರಡಕ್ಕಿಂತ ಎಷ್ಟೋ ಹಳೆಯದಾದ ಮೂರನೆಯ ಸುರಂಗ. ಆ ಮೂರನೆಯದು ಯಾತಕ್ಕೆಂದು ತಿಳಿಯಬೇಕಾದರೆ ಪಕ್ಕದ ಆಂಸೆರ್ಯೂನ್ ದಿಬ್ಬ ಹತ್ತಬೇಕು. ಕ್ರಿಸ್ತಪೂರ್ವ ಆರನೆಯ ಶತಮಾನದಿಂದ ಜನ ವಾಸವಿದ್ದ ಊರಿನ ಅವಶೇಷ ಅಲ್ಲಿದೆ. ಬಂಡೆಯಲ್ಲಿ ಸಾಲಾಗಿ ತೋಡಿದ ಗುಂಡಿಗಳನ್ನು ಕಂಡೊಡನೆ ನಾನು "ಹಗೇವು!" ಎಂದು ಕೂಗಿದೆ. ಸಣ್ಣ ಬಾಯಿ, ಒಳಗೆ ಹೊಟ್ಟೆ ಅಗಲ, ಧಾನ್ಯ ತುಂಬಿ ಮುಚ್ಚುವ ನಮ್ಮ ಕಡೆಯ ಹಗೇವಿನದೇ ಬಗೆ. ಹೊರನಾಡಿನಲ್ಲಿ ಹುಟ್ಟಿದ ಹುಡುಗಿಗೆ ಆ ಮಾತಿನ ಅರ್ಥ ಹೇಳಬೇಕಾಯಿತು.

ದಿಬ್ಬದ ಅಂಚಿನಿಂದ ಕೆಳಗೆ ನೋಡಿದಾಗ ಕಂಡದ್ದನ್ನು ನಾನು ಮರೆಯಲಾರೆ. ಬಯಲಿನಲ್ಲಿ ನೂರಾರು ಹೆಕ್ಟೇರ್ ಅಗಲದ ಒಂದು ಚಕ್ರ. ನಡುವಿನ ಗುಂಬಕ್ಕೆ ಸುತ್ತಲಿಂದಲೂ ಅರೆಗಳಂತೆ ಚರಂಡಿಗಳು ಓಡುತ್ತವೆ, ಎರಡೆರಡು ಅರೆಗಳ ನಡುವೆ ಹೋಳು ಮಾಡಿದಂಥ ತ್ರಿಕೋನದ ಹೊಲಗಳು, ಒಂದು ಗೋಧಿಯ ಹಸಿರು, ಪಕ್ಕದ್ದು ಉತ್ತ ಮಣ್ಣಿನ ಕಂದು. ಇದು ಮೊಂತಾದಿ ಕೆರೆ. ಜವುಗು ನೀರು ನಿಂತು ಜ್ವರ ಹಬ್ಬಿಸುತ್ತಿದ್ದ ಈ ಕೆರೆಯನ್ನು ಬಸಿಯಲು 1247ರಲ್ಲಿ ನಾರ್ಬೊನ್‌ನ ಆರ್ಚ್‌ಬಿಷಪ್ ಅನುಮತಿ ಕೊಟ್ಟರು. ಸುತ್ತಲಿನ ನೀರು ಚರಂಡಿಗಳಲ್ಲಿ ನಡುವಿಗೆ ಬಂದು, ಅಲ್ಲಿಂದ ದೊಡ್ಡ ಕಾಲುವೆ ಹಿಡಿದು, ಗುಡ್ಡದಡಿ ಒಂದು ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಆಚೆಗೆ ಹೋಗುತ್ತದೆ. ಅದೇ ಆ ಮೂರನೆಯ ಸುರಂಗ. ನೀರು ನಿಲ್ಲಿಸಲು ಏರಿ ಕಟ್ಟುವವರ ಮನೆಯಿಂದ ಬಂದ ನಾನು, ನೀರು ಹೊರಹಾಕಲು ಅಷ್ಟೇ ಜತನದಿಂದ ಕಟ್ಟಿದ ಕೆಲಸವನ್ನು ಅದೇ ಮೊದಲು ನೋಡಿದ್ದು.

ಆ ರಾತ್ರಿ ಕೊಲೊಂಬಿಯೆ ಹಳ್ಳಿಯಲ್ಲಿ ತಂಗಿದ್ದಾಗ ಜೋರು ಮಳೆ ಬಂತು. ಬೆಳಿಗ್ಗೆ ಮೊಂತಾದಿಯ ಹೊಲಗಳ ಕಡೆ ನಡೆದುಹೋದರೆ, ಎಪ್ಪತ್ತು ದಾಟಿದ ಒಬ್ಬ ರೈತರು ಮೊಣಕಾಲಿನವರೆಗಿನ ಬೂಟು ತೊಟ್ಟು ಚರಂಡಿಗೆ ಅಡ್ಡಬಿದ್ದ ಜೊಂಡನ್ನು ಗುದ್ದಲಿಯಿಂದ ಎಳೆದು ಹಾಕುತ್ತಿದ್ದರು. ಹುಡುಗಿ ಮಾತು ತೆಗೆದಳು. ನಮ್ಮಿಬ್ಬರ ನಡುವೆ ಭಾಷೆ ದಾಟಿಸಿದವಳು ಅವಳೇ.

ಹೊಲ ಚೂಪಾಗಿದ್ದರೆ ಉಳುಮೆ ಹೇಗೆ ಎಂದು ಕೇಳಿದೆ. ನಡುವಿನ ಕಡೆ ಕಿರಿದಾಗುತ್ತ ಹೋಗುವುದರಿಂದ ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲುವುದಿಲ್ಲ, ಕೊನೆಯ ತುದಿಯನ್ನು ಹಾಗೇ ಬಿಡಬೇಕು ಎಂದರು. ಚರಂಡಿ ಯಾರದು ಎಂದದ್ದಕ್ಕೆ, ತಮ್ಮ ಅಂಚಿನದನ್ನು ತಾವೇ ನೋಡಿಕೊಳ್ಳಬೇಕು, ದೊಡ್ಡ ಕಾಲುವೆಗೂ ಸುರಂಗಕ್ಕೂ ಜಮೀನಿನವರ ಸಂಘವಿದೆ ಎಂದರು. ಒಬ್ಬ ಸೋಮಾರಿಯಾದರೆ ಮೇಲಿನವನ ಗೋಧಿಯ ಬುಡದಲ್ಲಿ ನೀರು ನಿಲ್ಲುತ್ತದೆ.

"ನಮ್ಮೂರಿನಲ್ಲಿ ಇದಕ್ಕೆ ನೀರುಗಂಟಿ ಅಂತ ಒಬ್ಬರು ಇರ್ತಿದ್ದರು, ನಮ್ಮಜ್ಜ ಅದೇ ಕೆಲಸ ಮಾಡ್ತಿದ್ದರು ಅಂತ ಹೇಳಮ್ಮ" ಎಂದೆ.

ಅವರು ಗುದ್ದಲಿ ಊರಿ ನಿಂತರು. ಅವರಿಗೆ ಸಂಬಳ ಕೊಡುತ್ತಿದ್ದವರು ಯಾರು ಎಂದು ಕೇಳಿದರು. ಸುಗ್ಗಿಯಲ್ಲಿ ಕಣದಿಂದ ಪ್ರತಿ ಮನೆಯವರೂ ಇಷ್ಟೆಂದು ಭತ್ತ ಅಳೆದು ಕೊಡುತ್ತಿದ್ದರು ಎಂದೆ. ಕಡಿಮೆ ಅಳೆದವರ ಗದ್ದೆಗೆ ನೀರು ಕಡಿಮೆಯಾಗುತ್ತಿತ್ತೇ ಎಂಬುದು ಮರುಪ್ರಶ್ನೆ. ಬಾಲ್ಯದಲ್ಲಿ ನಾನೂ ಅಜ್ಜನನ್ನು ಇದನ್ನೇ ಕೇಳಿದ್ದೆ. ಬೆಳೆ ಯಾರದಾದರೂ ಒಣಗಬಾರದು ಎಂದಷ್ಟೇ ಅವರು ಅಂದಿದ್ದರು. ಅದನ್ನು ಹುಡುಗಿ ಫ್ರೆಂಚಿನಲ್ಲಿ ಹೇಳುತ್ತಿದ್ದಂತೆ ಆ ಹಿರಿಯರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಗಂಟಲು ಕಟ್ಟಿತು.

ಆಮೇಲೆ ಅವರು ಜೊಂಡಿನ ಒಂದು ಎಸಳನ್ನು ಕಿತ್ತು ಚರಂಡಿಗೆ ಹಾಕಿ, ನೋಡಿ ಎಂದು ಕೈಸನ್ನೆ ಮಾಡಿದರು. ನಿಂತಂತೆ ಕಂಡ ನೀರಿನಲ್ಲಿ ಅದು ಒಂದು ಗಳಿಗೆ ಅಲ್ಲಾಡದೆ ಇದ್ದು, ನಂತರ ಚಕ್ರದ ನಡುವಿನ ಕಡೆಗೆ ನಿಧಾನವಾಗಿ ಸರಿಯತೊಡಗಿತು. ನಾವಿಬ್ಬರೂ ಅದರ ಪಕ್ಕದಲ್ಲೇ, ಹೊಲದ ಅಂಚಿನ ದಾರಿ ಮುಗಿಯುವವರೆಗೆ ನಡೆದೆವು.