ಹೌರಾದಲ್ಲಿ ಇಳಿದರೆ ಟ್ಯಾಕ್ಸಿ ಬೇಡ, ಮೆಟ್ರೋ ಹಿಡೀರಿ

ದಕ್ಷಿಣೇಶ್ವರ, ಬೇಲೂರು ಮಠ, ಕಾಳಿಘಾಟ್ ಅಂತ ಯಾತ್ರೆಗೆ ಹುಬ್ಬಳ್ಳಿ-ಧಾರವಾಡದಿಂದ ಕೋಲ್ಕತ್ತಕ್ಕೆ ಹೊರಟವರಿಗೆ ಮೊದಲ ಮಾತು: ಹೌರಾ ಸ್ಟೇಷನ್ ಹೊರಗೆ ಮೈಮೇಲೆ ಬೀಳುವ ಟ್ಯಾಕ್ಸಿಯವರ ಮಾತು ಕೇಳಬೇಡಿ. ಕಾಳಿಘಾಟ್‌ಗೆ ನಮಗೆ ಹೇಳಿದ್ದು 900 ರೂಪಾಯಿ. ಮೆಟ್ರೋ ಎಲ್ಲಿ ಅಂದರೆ "ಇವತ್ತು ಬಂದ್" ಅಂದುಬಿಟ್ಟ ಒಬ್ಬ. ಅವನ ಬೆನ್ನ ಹಿಂದೆಯೇ ಮೆಟ್ರೋ ಮೆಟ್ಟಿಲಿನಿಂದ ಜನ ಹತ್ತಿ ಬರುತ್ತಿದ್ದರು. ನಮ್ಮ ಕಾಕು "ಮುದುಕಿ ಮುಂದ ಸುಳ್ಳ ಹೇಳ್ತಿಯಲ್ಲೋ ತಮ್ಮಾ" ಅಂತ ಕನ್ನಡದಲ್ಲೇ ಬೈದರು. ಮೆಟ್ರೋದಲ್ಲಿ ಅದೇ ದಾರಿಗೆ 30 ರೂಪಾಯಿಯೂ ಆಗುವುದಿಲ್ಲ.

ಹೌರಾದಿಂದ ನಗರದ ನಡುವಿನ ಎಸ್‌ಪ್ಲನೇಡ್‌ಗೆ ಹೋಗುವ ಗ್ರೀನ್ ಲೈನ್ 2024ರ ಮಾರ್ಚ್‌ನಲ್ಲಿ ಶುರುವಾದದ್ದು. ಹೂಗ್ಲಿ ನದಿಯ ಕೆಳಗೆ 520 ಮೀಟರ್ ಸುರಂಗ, 45 ಸೆಕೆಂಡಿನಲ್ಲಿ ದಾಟಿಸುತ್ತದೆ. ನಿಲ್ದಾಣ ಬಹಳ ಆಳದಲ್ಲಿದೆ. ಮೊಣಕಾಲು ನೋವಿದ್ದವರು ಲಿಫ್ಟ್ ಹುಡುಕಿಕೊಳ್ಳಿ.

ಕಾಳಿಘಾಟ್‌ಗಾಗಲಿ ದಕ್ಷಿಣೇಶ್ವರಕ್ಕಾಗಲಿ ಎಸ್‌ಪ್ಲನೇಡ್‌ನಲ್ಲಿ ಹಳೆಯ ಬ್ಲೂ ಲೈನ್‌ಗೆ ಬದಲಾಯಿಸಬೇಕು. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೋ ಓಡಿದ್ದು ಇಲ್ಲಿಂದಲೇ, ಭವಾನಿಪುರದವರೆಗೆ. ಹೊಸಬರು ದಾರಿ ತಪ್ಪುವುದೂ ಈ ಲೈನಿನಲ್ಲೇ. ನಿಲ್ದಾಣಗಳಿಗೆ ದೊಡ್ಡವರ ಹೆಸರಿಟ್ಟಿದ್ದಾರೆ, ಅದು ಯಾವ ಬಡಾವಣೆ ಅಂತ ಹೆಸರಿನಿಂದ ತಿಳಿಯುವುದಿಲ್ಲ. ಟಾಲಿಗಂಜ್ ಬೇಕಿದ್ದರೆ 'ಮಹಾನಾಯಕ ಉತ್ತಮ್ ಕುಮಾರ್' ಅಂತ ಹುಡುಕಬೇಕು. ಸುಭಾಷ್‌ಚಂದ್ರ ಬೋಸರ ಮನೆ ನೋಡುವವರು ಇಳಿಯಬೇಕಾದ್ದು 'ನೇತಾಜಿ ಭವನ'. ಬರೀ 'ನೇತಾಜಿ' ಅನ್ನುವುದು ಅಲ್ಲಿಂದ ಐದು ನಿಲ್ದಾಣ ಮುಂದೆ, ಕುದ್‌ಘಾಟ್‌ನಲ್ಲಿ! ಹೊರಡುವ ಮೊದಲು ಹಳೆ ಹೆಸರು, ಹೊಸ ಹೆಸರು ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಬೆಳಗಿನ ಒಂಬತ್ತರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಎಸ್‌ಪ್ಲನೇಡ್ ಕಡೆ ಸುಳಿಯಲೇಬೇಡಿ. 2025ರ ಆಗಸ್ಟ್‌ನಲ್ಲಿ ನಗರದ ಇನ್ನೊಂದು ದೊಡ್ಡ ರೈಲು ನಿಲ್ದಾಣ ಸಿಯಾಲ್ದಾವನ್ನೂ ಗ್ರೀನ್ ಲೈನ್‌ನಲ್ಲಿ ಇದಕ್ಕೆ ಜೋಡಿಸಿದ ಮೇಲೆ ಉಸಿರಾಡಲೂ ಜಾಗ ಇರುವುದಿಲ್ಲ. ನನಗಂತೂ ಆ ನೂಕುನುಗ್ಗಲು ತಡೆಯಲಾಗಲಿಲ್ಲ, ಎರಡು ಗಾಡಿ ಬಿಟ್ಟು ಮೂರನೆಯದು ಹತ್ತಿದೆವು.

ಕಾಳಿಘಾಟ್‌ನಲ್ಲಿ ಹಿಡಿದ ಲಾಡ್ಜ್ ಬಗ್ಗೆ ಹೇಳುವಂಥದ್ದೇನಿಲ್ಲ. ಕಿಟಕಿಯಿಲ್ಲದ ಕೋಣೆಗೆ 1,800 ಕಿತ್ತರು. ಆದರೆ ಅದರ ಹಿಂದಿನ ಓಣಿಯ ಕಚೋರಿ ಅಂಗಡಿಗೆ ಹೋಗದೆ ಬರಬೇಡಿ. ಹಲಗೆಯ ಬೋರ್ಡೂ ಇಲ್ಲ, ಒಂದು ಬೆಂಚು ಅಷ್ಟೇ. ಅಜ್ಜ ಹಿಟ್ಟಿನ ಉಂಡೆಯೊಳಗೆ ಇಂಗು ಹಾಕಿದ ಉದ್ದಿನಬೇಳೆ ಹೂರಣ ತುಂಬಿ, ಲಟ್ಟಿಸಿ ಎಣ್ಣೆಗೆ ಬಿಡುತ್ತಾನೆ. ಉಬ್ಬಿದ್ದನ್ನು ಜಾಲರಿ ಸೌಟಿನಿಂದ ಒಮ್ಮೆ ಒತ್ತಿ, ತಿರುವಿ, ನೇರ ಎಲೆಯ ದೊನ್ನೆಗೆ ಹಾಕುತ್ತಾನೆ. ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯ ನೀರು ಪಲ್ಯ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ, ವ್ರತದ ಕಾಕು ಕೂಡ ಎರಡನೇ ದೊನ್ನೆ ಕೇಳಿದರು. ನಾಲ್ಕಕ್ಕೆ 40 ರೂಪಾಯಿ, ಪಲ್ಯ ಎಷ್ಟು ಬೇಕಾದರೂ ಹಾಕುತ್ತಾರೆ. ಮೇಲೆ ಮಣ್ಣಿನ ಕುಡಿಕೆಯಲ್ಲಿ ಚಹಾ.

ದಕ್ಷಿಣೇಶ್ವರಕ್ಕೆ ಹೋಗುವಾಗ ಬೋರ್ಡು ನೋಡಿಯೇ ಹತ್ತಿ, ಕೆಲವು ಗಾಡಿ ದಮ್‌ದಮ್‌ನಲ್ಲೇ ನಿಂತುಬಿಡುತ್ತವೆ. ದಕ್ಷಿಣೇಶ್ವರದಿಂದ ಬೇಲೂರು ಮಠಕ್ಕೆ ದೋಣಿಯಲ್ಲಿ ಹೋಗುವುದೇ ಚೆಂದ. ದೇವಸ್ಥಾನ, ಮಠ ಎರಡೂ ಮಧ್ಯಾಹ್ನ ಮುಚ್ಚಿರುತ್ತವೆ. ರವಿವಾರ ಮೆಟ್ರೋ ತಡವಾಗಿ ಶುರುವಾಗುವುದರಿಂದ ಈ ಎರಡಕ್ಕೆ ವಾರದ ದಿನವನ್ನೇ ಇಟ್ಟುಕೊಂಡು, ಬೆಳಗಿನ ಮೊದಲ ಗಾಡಿಗೇ ಹೊರಡಿ.