ಕರುಳು ಎಚ್ಚರಗೊಳ್ಳುವವರೆಗೆ

15 ಜನವರಿ 2024, ಸೋಮವಾರ

ಅಮ್ಮನ ದೊಡ್ಡ ಕರುಳಿನ ಬಲಭಾಗವನ್ನು ತೆಗೆದು, ಉಳಿದ ತುದಿಗಳನ್ನು ಜೋಡಿಸಿ ಹೊಲಿದು ಇಂದಿಗೆ ಮೂರು ದಿನ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಸರ್ಜನ್ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ನಿನ್ನೆ ಮೊನ್ನೆ ಕೇಳಿದ್ದನ್ನೇ ಮತ್ತೆ ಕೇಳಿದರು: “ಗ್ಯಾಸ್ ಹೋಯ್ತಾ, ಅಮ್ಮಾ?” ಅಮ್ಮ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ನಾಲ್ಕು ಜನರೆದುರು ಎತ್ತಬಾರದ ಮಾತೆಂದು ಅವಳೇ ನಮಗೆ ಕಲಿಸಿದ್ದ ವಿಷಯವನ್ನು ಈಗ ದಿನಕ್ಕೆ ಮೂರು ಬಾರಿ ಅಪರಿಚಿತರು ಅವಳಲ್ಲಿ ವಿಚಾರಿಸುತ್ತಾರೆ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಕೈ ತಾಗಿದ ಕರುಳು ಊದಿಕೊಂಡು ತನ್ನ ಚಲನೆಯನ್ನು ನಿಲ್ಲಿಸಿಬಿಡುತ್ತದೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರ ಒಂದೆರಡು ದಿನಗಳಲ್ಲಿ ಚೇತರಿಸಿಕೊಂಡರೆ, ದೊಡ್ಡ ಕರುಳಿಗೆ 48ರಿಂದ 72 ಗಂಟೆ ಬೇಕಾಗುತ್ತದೆ. ನೋವು ತಗ್ಗಿಸಲು ಕೊಡುವ ಮಾರ್ಫಿನ್ ಜಾತಿಯ ಔಷಧಿಗಳೇ ಕರುಳನ್ನು ಇನ್ನಷ್ಟು ಮಂದಗೊಳಿಸುತ್ತವೆ ಎಂಬುದು ನನಗೆ ತಿಳಿದದ್ದು ಇಂದು, ಟ್ರಮಡಾಲ್ ಇಂಜೆಕ್ಷನ್ನನ್ನು ಕಡಿಮೆ ಮಾಡಿ ಪ್ಯಾರಾಸಿಟಮಾಲ್ ಡ್ರಿಪ್ ಹಾಕಿದಾಗ. ರಕ್ತದಲ್ಲಿ ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು, ಅದು 3.5ಕ್ಕಿಂತ ಕೆಳಗಿದ್ದರೆ ಕರುಳಿನ ಸ್ನಾಯುಗಳಿಗೂ ಬಲ ಸಾಲದಾದ್ದರಿಂದ ಅದನ್ನೂ ಡ್ರಿಪ್ಪಿನಲ್ಲಿ ಸೇರಿಸಿದರು.

ಮಧ್ಯಾಹ್ನ ಚಿಕ್ಕಮ್ಮ ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆಗೆ ಒಂದು ಸಣ್ಣ ಸೀಸೆಯಲ್ಲಿ ಹರಳೆಣ್ಣೆಯನ್ನೂ ತಂದಿದ್ದರು. ಅಕ್ಕನ ಮೇಲಿನ ಅಕ್ಕರೆಯಿಂದಲೇ ತಂದದ್ದು, ನಿಜ. ಆದರೆ ಹೊಲಿಗೆ ಇನ್ನೂ ಹಸಿಯಾಗಿರುವಾಗ ವೈದ್ಯರನ್ನು ಕೇಳದೆ ಭೇದಿಯ ಯಾವ ಮದ್ದನ್ನೂ ಕೊಡಕೂಡದೆಂದು ಸಿಸ್ಟರ್ ಖಂಡಿತವಾಗಿ ಹೇಳಿದ್ದರಿಂದ, ಸೀಸೆಯನ್ನು ಚಿಕ್ಕಮ್ಮನ ಚೀಲಕ್ಕೇ ಹಿಂತಿರುಗಿಸಿದೆ. ಅವರ ಮುಖ ಬಾಡಿದ್ದು ನನಗೆ ಈಗಲೂ ನೋವುಂಟುಮಾಡುತ್ತಿದೆ. ಆದರೂ ನಾನು ಮಾಡಿದ್ದು ಸರಿ.

ಅಮ್ಮನಿಗೆ ಚಮಚದಲ್ಲಿ ನೀರು ಕೊಡಬಹುದು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಕೊಡಬಹುದು. ಅಗಿಯುವಾಗ ಊಟ ಬಂತೆಂದು ಭಾವಿಸಿ ಕರುಳು ಅಲುಗಲು ತೊಡಗುತ್ತದಂತೆ. ಗುಣ ಅಲ್ಪವಾದರೂ ಆಗಲಿ ಎಂದು ಕೊಟ್ಟೆ. ಎಲ್ಲಕ್ಕಿಂತ ಮುಖ್ಯವಾದದ್ದು ಅವಳನ್ನು ಹಾಸಿಗೆಯಿಂದ ಎಬ್ಬಿಸುವುದು. ಸಂಜೆ ಒಂದು ಕೈಯಲ್ಲಿ ಡ್ರಿಪ್ ಸ್ಟ್ಯಾಂಡನ್ನು ಹಿಡಿದು, ಇನ್ನೊಂದು ಕೈಯಿಂದ ಗಾಯದ ಮೇಲೆ ಮಡಿಸಿದ ಟವೆಲನ್ನು ಒತ್ತಿಕೊಂಡು, ಅವಳು ಕಾರಿಡಾರಿನ ಕೊನೆಯ ಕಿಟಕಿಯವರೆಗೆ ನಡೆದಳು. ಅಲ್ಲಿ ನಿಂತು ಉಸಿರು ಸುಧಾರಿಸಿಕೊಂಡು, “ಇನ್ನೊಂದು ಸುತ್ತು ಹೋಗೋಣ” ಎಂದಳು.

ಹೊಟ್ಟೆ ಉಬ್ಬಿ ಬಿಗಿದರೆ ಅಥವಾ ವಾಂತಿಯಾದರೆ ಕೂಡಲೇ ಕರೆಯಬೇಕೆಂದು ಸಿಸ್ಟರ್ ಹೇಳಿ ಹೋಗಿದ್ದಾರೆ. ಹಾಗಾದರೆ ಮೂಗಿನಿಂದ ಟ್ಯೂಬ್ ಹಾಕಬೇಕಾಗಬಹುದು. ಈವರೆಗೆ ಎರಡೂ ಇಲ್ಲ. ಗ್ಯಾಸ್ ಕೂಡ ಹೋಗಿಲ್ಲ. ಆದರೆ ಒಂಬತ್ತೂವರೆಗೆ ಅವಳ ಹೊದಿಕೆಯನ್ನು ಸರಿಪಡಿಸಲು ಬಾಗಿದಾಗ ಹೊಟ್ಟೆಯಿಂದ ಸಣ್ಣಗೆ ಗುಳುಗುಳು ಸದ್ದು ಕೇಳಿಸಿತು. ಅವಳಿಗೂ ಕೇಳಿಸಿತ್ತು; ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ನಾಳೆ ಆರಕ್ಕೆ ಎಬ್ಬಿಸಬೇಕೆಂದು ಹೇಳಿ ಮಲಗಿದ್ದಾಳೆ.