ಅಜ್ಜಿ ಕೈ ಯಾಕೆ ಗುಂಯ್ ಅನ್ನುತ್ತೆ?

ಪಿಯುಸಿ ಓದೋ ಹುಡುಗಿಯೊಬ್ಬಳು ಇವತ್ತು ಕೇಳಿದ್ಲು: "ಡಯಾಲಿಸಿಸ್ ಮಾಡಿಸ್ಕೊಳ್ಳೋ ಅಜ್ಜಿ ಕೈ ಮುಟ್ಟಿದ್ರೆ ಗುಂಯ್ ಅನ್ನುತ್ತಲ್ಲ, ಯಾಕೆ?"

ಅದು ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ಕೈಯಲ್ಲಿ ಮಾಡಿರೋ ಫಿಸ್ಟುಲಾ. ಹೃದಯದಿಂದ ರಕ್ತ ತರೋ ಅಪಧಮನಿಯನ್ನ ನೇರವಾಗಿ ಹೃದಯಕ್ಕೆ ರಕ್ತ ವಾಪಸ್ ಒಯ್ಯೋ ಅಭಿಧಮನಿಗೆ ಹೊಲಿದಿರ್ತಾರೆ. ರಕ್ತ ರಭಸದಲ್ಲಿ ನುಗ್ಗಿ ನಾಳದ ಗೋಡೆ ಅದುರುತ್ತೆ. ವಾರಗಳು ಕಳೆದಂತೆ ಆ ಅಭಿಧಮನಿ ದಪ್ಪ ಆಗಿ ಡಯಾಲಿಸಿಸ್‌ನ ದೊಡ್ಡ ಸೂಜಿ ತಡ್ಕೊಳ್ಳುತ್ತೆ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೀಬಾರದು. ಅದುರೋದು ನಿಂತ್ರೆ ಒಳಗೆ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೆಡಿಕಲ್ ಯಾಕೆ ಓದ್ಬೇಕು ಅಂತ ಕೇಳಿದ್ರೆ ಮಕ್ಕಳು ಸೇವೆ ಅಂತಾರೆ, ಗೌರವ ಅಂತಾರೆ, ಅಪ್ಪ-ಅಮ್ಮನ ಆಸೆ ಅಂತಾರೆ. ಯಾವುದೂ ತಪ್ಪಲ್ಲ.

ಆದ್ರೆ ನೀಟ್‌ನಲ್ಲಿ 720ಕ್ಕೆ ತೆಗೆದ ಅಂಕ ಸೀಟು ಕೊಡಿಸುತ್ತೆ, ಅಷ್ಟೇ. ಆಮೇಲಿನ ನಾಲ್ಕೂವರೆ ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್ ದಾಟಿಸೋದು ಇಂಥ ಪ್ರಶ್ನೆಗಳೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.